ಉಪ್ಪುನೀರಿನ ಅಕ್ವೇರಿಯಂನಲ್ಲಿ ಕಲ್ಲು ಜೋಡಿಸುವುದು: ಗಾಜು ಒಡೆಯದಂತೆ, ಗುಡ್ಡೆ ಕುಸಿಯದಂತೆ

ಉಪ್ಪುನೀರಿನ ಟ್ಯಾಂಕ್ ಇಡಬೇಕು ಅಂತ ಹೊರಟವರು ಮೀನಿನ ಬಗ್ಗೆ, ಲೈಟಿನ ಬಗ್ಗೆ, ಸ್ಕಿಮ್ಮರ್ (ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಸಾಧನ) ಬಗ್ಗೆ ತಿಂಗಳುಗಟ್ಟಲೆ ಓದುತ್ತಾರೆ. ಕಲ್ಲಿನ ಸರದಿ ಬಂದಾಗ ಮಾತ್ರ ಒಂದು ಮಧ್ಯಾಹ್ನದಲ್ಲಿ ಪೇರಿಸಿ ಮುಗಿಸಿಬಿಡುತ್ತಾರೆ. ಆದರೆ ಮುಂದೆ ಬದಲಾಯಿಸಲು ಎಲ್ಲಕ್ಕಿಂತ ಕಷ್ಟವಾಗುವುದು ಈ ಕೆಲಸವೇ. ಲೈಟು ಸರಿಹೋಗದಿದ್ದರೆ ಬೇರೆ ಹಾಕಬಹುದು. ಪಂಪು ಕೆಟ್ಟರೆ ಅದೇ ದಿನ ಬದಲಿಸಬಹುದು. ಹವಳ ಅಂಟಿಕೊಂಡು ಬೆಳೆದು, ಮೀನು ಸಂದಿ ಹಿಡಿದು ಮನೆ ಮಾಡಿಕೊಂಡ ಮೇಲೆ ಒಂದು ಕಲ್ಲನ್ನು ಕದಲಿಸಬೇಕೆಂದರೂ ಇಡೀ ಟ್ಯಾಂಕನ್ನು ಕದಡಬೇಕಾಗುತ್ತದೆ.

ಈ ಕಲ್ಲು ಬರೀ ಅಲಂಕಾರಕ್ಕೆ ಇರುವುದಲ್ಲ. ಅದರ ಸಣ್ಣ ಸಣ್ಣ ತೂತುಗಳಲ್ಲಿ ಬ್ಯಾಕ್ಟೀರಿಯಾ ನೆಲೆಸುತ್ತವೆ. ಮೀನಿನ ಹೊಲಸು ಮತ್ತು ಉಳಿದ ಆಹಾರದಿಂದ ಹುಟ್ಟುವ ಅಮೋನಿಯಾವನ್ನು ಅವು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಕಲ್ಲಿನ ಒಳಭಾಗದಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ. ಅಲ್ಲಿ ಬೇರೆ ಬಗೆಯ ಬ್ಯಾಕ್ಟೀರಿಯಾ ಆ ನೈಟ್ರೇಟನ್ನೂ ನೈಟ್ರೋಜನ್ ಅನಿಲವಾಗಿಸಿ ಹೊರಗೆ ಬಿಡುತ್ತವೆ. ಅಂದರೆ ಟ್ಯಾಂಕಿನ ದೊಡ್ಡ ಫಿಲ್ಟರ್ ಈ ಕಲ್ಲುಗಳೇ. ಗಾಜು ಸೀಳುವಷ್ಟು ಭಾರ ಇರುವುದೂ ಈ ಕಲ್ಲುಗಳಿಗೇ.

ಹಾಗಾಗಿ ಮುಂದೆ ಹೇಳುವ ಎಲ್ಲಕ್ಕೂ ಒಂದೇ ಬುನಾದಿ: ಕಲ್ಲು ಟ್ಯಾಂಕಿನ ತಳದ ಮೇಲೆ ಕೂತು, ತನ್ನ ಭಾರದಿಂದಲೇ ನಿಲ್ಲಬೇಕು. ಮರಳನ್ನು ನಂಬಿ ನಿಲ್ಲಿಸಬೇಡಿ. ಅಂಟನ್ನು ನಂಬಿ ಸಹ ನಿಲ್ಲಿಸಬೇಡಿ. ಮಾತು ಗಾಳಿಯಲ್ಲಿ ಉಳಿಯಬಾರದು ಅಂತ ಇಲ್ಲಿ ನಾಲ್ಕು ಅಡಿಯ ಟ್ಯಾಂಕ್ ಒಂದನ್ನು ಎದುರಿಗಿಟ್ಟುಕೊಂಡು ಹೇಳುತ್ತೇನೆ. ಉದ್ದ 120 ಸೆಂ.ಮೀ., ಅಗಲ 45, ಎತ್ತರ 45.

ಮೊದಲು ಭಾರದ ಲೆಕ್ಕ

ಈ ಅಳತೆಯ ಟ್ಯಾಂಕಿನಲ್ಲಿ ಅಂಚಿನವರೆಗೆ 243 ಲೀಟರ್ ಹಿಡಿಯುತ್ತದೆ. ಸಮುದ್ರದ ನೀರಿನ ಸಾಂದ್ರತೆ 1.025 ಇರುವುದರಿಂದ ನೀರೇ ಸುಮಾರು 250 ಕೆಜಿ. 10 ಮಿ.ಮೀ. ಗಾಜಿನ ತೂಕ 50 ಕೆಜಿ ಆಸುಪಾಸು. ಕಲ್ಲು, ಮರಳು ಸೇರಿದರೆ ಸ್ಟ್ಯಾಂಡ್ ಬಿಟ್ಟೇ 300 ಕೆಜಿ ದಾಟುತ್ತದೆ. ಅಪಾರ್ಟ್‌ಮೆಂಟಿನಲ್ಲಿದ್ದರೆ ಹಾಲಿನ ನಡುವೆ ಇಡಬೇಡಿ. ಕೆಳಗೆ ಬೀಮ್ ಇರುವ ಗೋಡೆಯ ಪಕ್ಕ ಇಡಿ. ಸ್ಟ್ಯಾಂಡ್ ಮೇಲೆ ರಸಮಟ್ಟ ಇಟ್ಟು ಉದ್ದಕ್ಕೂ ಅಡ್ಡಕ್ಕೂ ನೋಡಿ. ಒಂದು ಮೂಲೆ ತಗ್ಗಿದ್ದರೂ ಅದನ್ನು ಸರಿಮಾಡುವ ಸಮಯ ಇದೇ, ನೀರು ತುಂಬಿದ ಮೇಲಲ್ಲ.

ಒಟ್ಟು ಭಾರಕ್ಕಿಂತ ಮುಖ್ಯವಾದದ್ದು ಆ ಭಾರ ಎಲ್ಲಿ ಬೀಳುತ್ತದೆ ಅನ್ನುವುದು. 40 ಸೆಂ.ಮೀ. ಆಳದ ನೀರು ತಳದ ಒಂದು ಚದರ ಸೆಂಟಿಮೀಟರ್ ಗಾಜಿನ ಮೇಲೆ ಹೇರುವ ಭಾರ ಸುಮಾರು 40 ಗ್ರಾಂ ಮಾತ್ರ. ಅದೇ ಒಂದು ಚದರ ಸೆಂಟಿಮೀಟರ್ ಮೇಲೆ 6 ಕೆಜಿ ಕಲ್ಲಿನ ಮೊನೆ ಕೂತರೆ ಅಲ್ಲಿ 6 ಕೆಜಿ ಬೀಳುತ್ತದೆ, ಅಂದರೆ ನೂರೈವತ್ತು ಪಟ್ಟು. ಹರಡಿದ ಭಾರವನ್ನು ಗಾಜು ಚೆನ್ನಾಗಿ ತಡೆಯುತ್ತದೆ. ಚೂಪಾದ ಒಂದು ತುದಿಯನ್ನು ತಡೆಯುವುದಿಲ್ಲ. ತಳಕ್ಕೆ ಹಾಕಿದ್ದು ಸಾಮಾನ್ಯ ಗಾಜೋ, ಟಫನ್ಡ್ ಗಾಜೋ ಅಂತ ಟ್ಯಾಂಕ್ ಮಾಡಿಕೊಟ್ಟವರನ್ನು ಕೇಳಿಟ್ಟುಕೊಳ್ಳಿ. ಸಾಮಾನ್ಯ ಗಾಜು ಸೀಳು ಬಿಡುತ್ತದೆ. ಟಫನ್ಡ್ ಗಾಜು ಬಲವಾಗಿರುತ್ತದೆ, ಆದರೆ ಒಡೆದರೆ ಇಡೀ ಹಾಳೆ ಒಮ್ಮೆಗೇ ಪುಡಿಯಾಗುತ್ತದೆ.

ಇನ್ನೊಂದು ವಿಷಯ ಬಹಳ ಜನರ ಗಮನಕ್ಕೆ ಬರುವುದಿಲ್ಲ. ನೀರಿನಲ್ಲಿ ಮುಳುಗಿದ ಕಲ್ಲು ಹಗುರವಾಗುತ್ತದೆ. ಸುಣ್ಣದ ಕಲ್ಲಿನ ಜಾತಿಯದು 10 ಕೆಜಿ ಇದ್ದರೆ ಸಮುದ್ರದ ನೀರಿನೊಳಗೆ ಅದರ ತೂಕ ಸುಮಾರು 6 ಕೆಜಿ ಮಾತ್ರ. ಗಾಜಿಗೆ ಇದು ಒಳ್ಳೆಯದೇ. ಆದರೆ ಕಲ್ಲಿನ ಮೇಲೆ ಕಲ್ಲು ಜಾರದೆ ನಿಲ್ಲುವುದು ಆ ತೂಕದಿಂದಲೇ ಅಲ್ವಾ? ತೂಕ ಇಳಿದರೆ ಹಿಡಿತವೂ ಇಳಿಯುತ್ತದೆ. ಅದರ ಮೇಲೆ ಕೆಲವೇ ವಾರಗಳಲ್ಲಿ ಲೋಳೆ ಕಟ್ಟುತ್ತದೆ. ಮೇಜಿನ ಮೇಲೆ ಗಟ್ಟಿಯಾಗಿ ನಿಂತ ಗುಡ್ಡೆ ನೀರಿನಲ್ಲಿ ಜಾರುವುದು ಇದಕ್ಕೇ. ಒಣಗಿದ್ದಾಗ ಸ್ವಲ್ಪವೂ ಅಲುಗಬಾರದು ಅಂತ ಮುಂದೆ ಹಟ ಹಿಡಿದು ಹೇಳುವುದೂ ಇದಕ್ಕೇ.

ಯಾವ ಕಲ್ಲು, ಎಷ್ಟು

ಮೊದಲು ತರಬಾರದ್ದನ್ನು ಹೇಳುತ್ತೇನೆ. ಮುರುಡೇಶ್ವರದ ಹತ್ತಿರ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ಹವಳದ ದಿಬ್ಬಗಳಿವೆ. ಲಕ್ಷದ್ವೀಪದಲ್ಲೂ ಮನ್ನಾರ್ ಕೊಲ್ಲಿಯಲ್ಲೂ ಇವೆ. ಅಲ್ಲಿಂದ ಒಂದು ತುಂಡನ್ನೂ ಎತ್ತಿಕೊಂಡು ಬರಬೇಡಿ, ಅಲ್ಲಿಂದ ತಂದದ್ದು ಅಂತ ಯಾರಾದರೂ ಮಾರಿದರೆ ಕೊಳ್ಳಬೇಡಿ. ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿಗೆ ಸೇರಿವೆ. ಸತ್ತು ಬಿಳಿಚಿದ ತುಂಡನ್ನು ಇಟ್ಟುಕೊಂಡರೂ ತೊಂದರೆಗೆ ಸಿಕ್ಕಿಕೊಳ್ಳುತ್ತೀರಿ. ಕಾನೂನು ಒಂದು ಕಡೆ ಇರಲಿ. ಆ ಒಂದೊಂದು ತುಂಡು ಕಟ್ಟಲು ಹವಳಕ್ಕೆ ಎಷ್ಟೋ ವರ್ಷ ಹಿಡಿದಿರುತ್ತದೆ. ನಮ್ಮ ಹಾಲಿನ ಅಂದಕ್ಕೆ ಅದನ್ನು ಕಿತ್ತು ತರುವುದು ನನಗೆ ಒಪ್ಪಿಗೆಯಿಲ್ಲ.

ಇವತ್ತು ಅದರ ಅಗತ್ಯವೂ ಇಲ್ಲ. ಅಕ್ವೇರಿಯಂಗೆಂದೇ ತಯಾರಿಸಿದ ಕೃತಕ ರೀಫ್ ಕಲ್ಲು ಸಿಗುತ್ತದೆ, ಸೆರಾಮಿಕ್ ಕಲ್ಲು ಸಿಗುತ್ತದೆ. ಟ್ಯಾಂಕ್ ಮುಚ್ಚುತ್ತಿರುವವರ ಹತ್ತಿರ ಹಳೆಯ ಕಲ್ಲೂ ಸಿಗುತ್ತದೆ. ಹಳೆಯದು ಕೊಳ್ಳುವಾಗ ಎರಡು ಪ್ರಶ್ನೆ ತಪ್ಪದೆ ಕೇಳಿ. ಕಲ್ಲು ಮೂಲತಃ ಎಲ್ಲಿಂದ ಬಂತು? ಆ ಟ್ಯಾಂಕಿಗೆ ಎಂದಾದರೂ ತಾಮ್ರದ ಔಷಧ ಹಾಕಿದ್ದರಾ? ಮೀನಿನ ರೋಗಕ್ಕೆ ಹಾಕುವ ತಾಮ್ರವನ್ನು ಈ ಕಲ್ಲು ಹೀರಿಕೊಂಡು ನಿಧಾನಕ್ಕೆ ಬಿಡುತ್ತದೆ. ಮೀನು ಅದನ್ನು ತಡೆದುಕೊಳ್ಳಬಹುದು. ಸೀಗಡಿ, ಬಸವನಹುಳು, ಹವಳ ಸಾಯುತ್ತವೆ.

ಹೊರಗೆ ಬಿದ್ದ ಕಲ್ಲು ಹಾಕಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಕರಾವಳಿಯ ಮುರಕಲ್ಲು ನೋಡಲು ತೂತುತೂತಾಗಿ ಚೆನ್ನಾಗಿದೆ, ಆದರೆ ಅದರ ಕೆಂಪು ಬಣ್ಣ ಕಬ್ಬಿಣದ್ದು. ಬೇಡ. ಹಸಿರು, ನೀಲಿ ಗೆರೆ ಇರುವ ಕಲ್ಲು, ಲೋಹದ ಹೊಳಪಿರುವ ಕಲ್ಲು ಕೂಡ ಬೇಡ. ಗ್ರಾನೈಟ್ ನೀರಿಗೆ ಏನೂ ಬಿಡುವುದಿಲ್ಲ, ಆದರೆ ತೂತಿಲ್ಲದ ಬರೀ ಭಾರ. ಕಲ್ಲಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟು ನೊರೆ ಬಂದರೆ ಒಳ್ಳೆಯದು ಅನ್ನುವ ಮಾತಿದೆ. ನೊರೆ ಬಂದರೆ ಅದರಲ್ಲಿ ಸುಣ್ಣದ ಅಂಶ ಇದೆ ಅಂತ ಗೊತ್ತಾಗುತ್ತದೆ, ಅಷ್ಟೇ. ನೆಲಕ್ಕೆ ಹಾಸುವ ಶಹಾಬಾದ್ ಕಲ್ಲೂ ಸುಣ್ಣದ ಕಲ್ಲೇ, ಅದಕ್ಕೂ ನೊರೆ ಬರುತ್ತದೆ. ಹಾಗಂತ ಆ ಚಪ್ಪಡಿಯಲ್ಲಿ ಬ್ಯಾಕ್ಟೀರಿಯಾಕ್ಕೆ ಜಾಗ ಎಲ್ಲಿದೆ?

ಎಷ್ಟು ಬೇಕು? ಲೀಟರಿಗೆ ಸುಮಾರು 120 ಗ್ರಾಂ ಅನ್ನುವುದು ಹಳೆಯ ಲೆಕ್ಕ. ನಮ್ಮ ಟ್ಯಾಂಕಿಗೆ 25ರಿಂದ 30 ಕೆಜಿ ಆಗುತ್ತದೆ. ಈಗಿನ ತೂತು ಜಾಸ್ತಿ ಇರುವ ಹಗುರ ಕಲ್ಲಿಗೆ ಅಷ್ಟು ಬೇಡ. 15ರಿಂದ 20 ಕೆಜಿ ಸಾಕು. ಮಿಕ್ಕ ಜಾಗ ಮೀನಿಗೆ ಈಜಲು ಇರಲಿ. ಕೊಳ್ಳುವಾಗ ಮುಷ್ಟಿಗಾತ್ರದ್ದನ್ನು ರಾಶಿ ತರಬೇಡಿ. ಅಗಲ ತಳದ ನಾಲ್ಕೈದು ದೊಡ್ಡ ಕಲ್ಲು, ಎರಡು ಮೂರು ಚಪ್ಪಟೆ ಕಲ್ಲು, ಸಂದಿಗೆ ಕೆಲವು ಚಿಕ್ಕವು. ಚಪ್ಪಟೆ ಕಲ್ಲಿಗೆ ಒಂದಿಷ್ಟು ಜಾಸ್ತಿ ದುಡ್ಡು ಕೊಟ್ಟರೂ ನಷ್ಟವಿಲ್ಲ, ಸೇತುವೆ ಕಟ್ಟಲು ಅದೇ ಬೇಕು.

ತೊಳೆಯುವುದು, ನೆನೆಸುವುದು

ಒಣ ಕಲ್ಲಿನ ಸಂದಿಯಲ್ಲಿ ಸತ್ತ ಜೀವಿಗಳ ಉಳಿಕೆ ಇರಬಹುದು. ಅದು ಕೊಳೆತು ಅಮೋನಿಯಾ, ಫಾಸ್ಫೇಟ್ ಬಿಡುತ್ತದೆ. ಬ್ರಷ್ ಹಾಕಿ ಉಜ್ಜಿ, ಸಿಹಿನೀರಿನಲ್ಲಿ ತೊಳೆಯಿರಿ. ಆಮೇಲೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 1.025ರ ಉಪ್ಪುನೀರು ತುಂಬಿ, 25 ಡಿಗ್ರಿ ಆಸುಪಾಸಿನ ಹೀಟರ್ ಮತ್ತು ಒಂದು ಚಿಕ್ಕ ಪಂಪ್ ಹಾಕಿ ಮುಳುಗಿಸಿಡಿ. ಬೆಳಕು ಬೇಡ, ಪಾಚಿ ಬರುತ್ತದೆ. ವಾರಕ್ಕೊಮ್ಮೆ ನೀರು ಬದಲಿಸಿ ಅಮೋನಿಯಾ, ನೈಟ್ರೈಟ್ ಪರೀಕ್ಷಿಸಿ. ಎರಡೂ ಸೊನ್ನೆಗೆ ಬರುವವರೆಗೆ ಕಾಯಿರಿ. ಕೆಲವು ವಾರಗಳೇ ಹಿಡಿಯಬಹುದು. ಹೀಗೆ ನೆನೆಸುವುದರಿಂದ ಇನ್ನೊಂದು ಲಾಭ ಇದೆ. ಒಣ ಕಲ್ಲಿನೊಳಗೆ ಸಿಕ್ಕ ಗಾಳಿ ಗುಳ್ಳೆ ಗುಳ್ಳೆಯಾಗಿ ಹೊರಬಂದು ಕಲ್ಲು ತನ್ನ ನಿಜವಾದ ತೂಕಕ್ಕೆ ಬರುತ್ತದೆ.

ಈಗ ಈ ಇಡೀ ಲೇಖನದಲ್ಲಿ ಒಂದೇ ಒಂದು ಸಾಲು ನೆನಪಿಡುವುದಾದರೆ ಇದನ್ನು ಇಡಿ: ಬೇರೆ ಟ್ಯಾಂಕಿನಿಂದ ಬಂದ ಕಲ್ಲನ್ನು ಯಾವತ್ತೂ ಕುದಿಸಬೇಡಿ. "ಕುದಿಸಿದರೆ ಹುಳ ಎಲ್ಲ ಸಾಯುತ್ತೆ" ಅಂತ ದೊಡ್ಡ ಪಾತ್ರೆಯಲ್ಲಿ ಹಾಕಿ ಒಲೆ ಮೇಲಿಡುವವರಿದ್ದಾರೆ. ಹಳೆಯ ಕಲ್ಲಿನ ಮೇಲೆ ಒಂದೆರಡು ಸೆಂ.ಮೀ. ಅಗಲದ ಕಂದು ಅಥವಾ ಹಸಿರು ಬಿಲ್ಲೆಗಳ ಗುಂಪು ಕಾಣಬಹುದು. ಪ್ರತಿ ಬಿಲ್ಲೆಯ ಅಂಚಿನಲ್ಲಿ ಚಿಕ್ಕ ಎಳೆಗಳ ಸಾಲು, ನಡುವೆ ಒಂದು ಬಾಯಿ. ಮುಟ್ಟಿದರೆ ಮುದುಡಿಕೊಳ್ಳುತ್ತದೆ. ಇವು ಜೊವಾಂಥಿಡ್‌ಗಳು. ಇವುಗಳಲ್ಲಿ ಕೆಲವು ಜಾತಿಗಳಲ್ಲಿ, ಅದರಲ್ಲೂ ಪ್ಯಾಲಿಥೋವಾಗಳಲ್ಲಿ, ಪ್ಯಾಲಿಟಾಕ್ಸಿನ್ ಅನ್ನುವ ಭಯಂಕರ ವಿಷ ಇರುತ್ತದೆ. ಕಲ್ಲು ಕುದಿಸಿದಾಗ ಅದು ಹಬೆಯ ಜೊತೆ ಮನೆಯೆಲ್ಲ ಹರಡುತ್ತದೆ. ಹೀಗೆ ಮಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಬೇರೆ ದೇಶಗಳಲ್ಲಿ ವರದಿಯಾಗಿವೆ. ಬಿಸಿನೀರು ಸುರಿಯುವುದು, ಮೈಕ್ರೋವೇವ್‌ನಲ್ಲಿಡುವುದು, ಪ್ರೆಷರ್ ವಾಷರ್‌ನಿಂದ ಬಡಿಯುವುದು, ಒಣಗಿದ ಮೇಲೆ ಕೆರೆದು ಪುಡಿ ಎಬ್ಬಿಸುವುದು, ಇವೂ ಅಷ್ಟೇ ಅಪಾಯ. ಜೊವಾಂಥಿಡ್ ಇರುವ ಕಲ್ಲು ಮುಟ್ಟುವಾಗ ಗ್ಲೌಸ್ ಹಾಕಿ, ಕಣ್ಣಿಗೆ ಸುರಕ್ಷತಾ ಕನ್ನಡಕ ಇರಲಿ. ಅವುಗಳಿಂದ ನೀರು ಚಿಮ್ಮಿ ಕಣ್ಣಿಗೆ ಬಿದ್ದರೂ ಕೆಟ್ಟದ್ದೇ. ಮುಟ್ಟಿದ ಮೇಲೆ ಎದೆನೋವು, ಉಸಿರಾಟದ ತೊಂದರೆ, ಜ್ವರ, ಬಾಯಲ್ಲಿ ಲೋಹದ ರುಚಿ ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ, ಏನು ಮುಟ್ಟಿದ್ದಿರಿ ಅಂತ ಹೇಳಿ.

ಗ್ಲೌಸಿಗೆ ಬೇರೆ ಕಾರಣಗಳೂ ಇವೆ. ಬ್ರಿಸಲ್ ಹುಳದ ಮುಳ್ಳು ಚರ್ಮದೊಳಗೆ ಮುರಿದುಕೊಂಡು ಉರಿಯುತ್ತದೆ. ಕೈಯಲ್ಲಿ ಗಾಯ ಇದ್ದರೆ ಅಕ್ವೇರಿಯಂ ನೀರಿನಲ್ಲಿರುವ ಒಂದು ಬಗೆಯ ಮೈಕೋಬ್ಯಾಕ್ಟೀರಿಯಂ ಒಳಗೆ ಸೇರಿ ತಿಂಗಳುಗಟ್ಟಲೆ ವಾಸಿಯಾಗದ ಗಂಟು ಎಬ್ಬಿಸಬಹುದು. ಗಾಯ ಇದ್ದ ದಿನ ಕಲ್ಲಿನ ಕೆಲಸ ಮುಂದಕ್ಕೆ ಹಾಕಿ.

ರಟ್ಟಿನ ಮೇಲೆ ಜೋಡಿಸಿ ನೋಡಿ

ಟ್ಯಾಂಕಿನೊಳಗೆ ಕೈಹಾಕಿ ಜೋಡಿಸುತ್ತಾ ಕೂರಬೇಡಿ. ಫ್ರಿಜ್ಜಿನ ಡಬ್ಬದ ರಟ್ಟು ತೆಗೆದು 120×45 ಅಳತೆಗೆ ಕತ್ತರಿಸಿ, ಗಟ್ಟಿ ಮೇಜಿನ ಮೇಲೆ ಹಾಸಿ. ಹಿಂದೆ, ಮುಂದೆ, ಅಕ್ಕಪಕ್ಕ ನಾಲ್ಕೂ ಕಡೆ 8 ಸೆಂ.ಮೀ. ಒಳಗೆ ಒಂದು ಗೆರೆ ಎಳೆಯಿರಿ. ಕಲ್ಲು ಈ ಗೆರೆ ದಾಟಬಾರದು. ಗಾಜು ಒರೆಸುವ ಮ್ಯಾಗ್ನೆಟ್ ಸುತ್ತಲೂ ಓಡಾಡಲು ಅಷ್ಟು ಜಾಗ ಬೇಕು. ಜಾಗ ಸಾಲದಿದ್ದರೆ ಮ್ಯಾಗ್ನೆಟ್ ಕಲ್ಲಿಗೆ ಸಿಕ್ಕಿ ಅದನ್ನೇ ಎಳೆಯುತ್ತದೆ. ಕಲ್ಲು ಹಿಂದಿನ ಗಾಜಿಗೆ ಒರಗಿದರೆ ಹಿಂದೆ ನೀರು ಓಡುವುದಿಲ್ಲ, ಕಸ ಕೂರುತ್ತದೆ. ಗುಡ್ಡೆ ಜರುಗಿದ ದಿನ ಆ ಭಾರವೆಲ್ಲ ಗಾಜಿನ ಮೇಲೇ ಬೀಳುತ್ತದೆ.

ಗೆರೆಯೊಳಗೆ ಉಳಿಯುವುದು 104×29 ಸೆಂ.ಮೀ. ಇಷ್ಟರಲ್ಲಿ ಗೋಡೆ ಕಟ್ಟಿದ ಹಾಗೆ ಒಂದೇ ಸಾಲು ಪೇರಿಸುವುದಕ್ಕಿಂತ ಎರಡು ಗುಡ್ಡ ಮಾಡುವುದು ನನಗೆ ಇಷ್ಟ. ಒಂದು 45 ಸೆಂ.ಮೀ. ಉದ್ದದ್ದು, ಇನ್ನೊಂದು 30ರದ್ದು, ನಡುವೆ 20 ಸೆಂ.ಮೀ. ಬಯಲು. ಜಗಳಗಂಟಿ ಡ್ಯಾಮ್ಸೆಲ್ ಒಂದು ಗುಡ್ಡ ಹಿಡಿದರೆ ಬೇರೆ ಮೀನಿಗೆ ಇನ್ನೊಂದು ಇರುತ್ತದೆ. ಒಂದರ ಕಣ್ಣಿಗೆ ಇನ್ನೊಂದು ಬೀಳದ ಹಾಗೆ ಮರೆಯೂ ಸಿಗುತ್ತದೆ. ಎತ್ತರ 28ರಿಂದ 30 ಸೆಂ.ಮೀ.ಗೆ ನಿಲ್ಲಿಸಿ. ಮೇಲೆ ಹವಳ ಬೆಳೆಯಲು ಜಾಗ ಬೇಕಲ್ಲ.

ಇನ್ನು ಜೋಡಿಸುವ ಕ್ರಮ. ಅತಿ ದೊಡ್ಡ, ಅಗಲವಾದ ಕಲ್ಲುಗಳು ಕೆಳಗೆ. ಪ್ರತಿ ಕಲ್ಲನ್ನೂ ತಿರುಗಿಸಿ ತಿರುಗಿಸಿ ಇಟ್ಟು ಅದು ಯಾವ ಮಗ್ಗುಲಲ್ಲಿ ಅಲುಗದೆ ಕೂರುತ್ತದೆ ಅಂತ ಕಂಡುಕೊಳ್ಳಿ. ಅಂದವಾದ ಮಗ್ಗುಲು ಕೆಳಗೆ ಹೋದರೂ ಪರವಾಗಿಲ್ಲ. ಮೇಲಿನ ಕಲ್ಲು ಕೆಳಗಿನವುಗಳ ಮೇಲೆ ಮೂರು ಕಡೆ ತಾಗಬೇಕು. ಒಲೆಯ ಮೂರು ಗುಂಡುಗಳ ಮೇಲೆ ಪಾತ್ರೆ ಕೂತಂತೆ. ಎರಡೇ ಕಡೆ ತಾಗಿದರೆ ತೂಗಾಡುತ್ತದೆ. ಮೂರು ತಾಣಗಳೂ ಕಲ್ಲಿನ ನಡುಭಾಗದ ಸುತ್ತ ಇರಬೇಕು. ಮೂರೂ ಒಂದೇ ಪಕ್ಕದಲ್ಲಿದ್ದರೆ ಕಲ್ಲು ಇನ್ನೊಂದು ಪಕ್ಕಕ್ಕೆ ವಾಲುತ್ತದೆ. ಮೂರನೇ ತಾಣ ಸಿಗದಿದ್ದರೆ ಅಲ್ಲಿ ಚಿಕ್ಕ ಚಕ್ಕೆ ತುರುಕಿ ಸಮಾಧಾನ ಮಾಡಿಕೊಳ್ಳಬೇಡಿ. ಚಕ್ಕೆ ಜಾರುತ್ತದೆ. ಕಲ್ಲು ತಿರುಗಿಸಿ, ಇಲ್ಲವೇ ಬೇರೆ ಕಲ್ಲು ನೋಡಿ, ಇಲ್ಲವೇ ಉಬ್ಬಿದ ಕಡೆ ಉಳಿ ಸುತ್ತಿಗೆಯಿಂದ ತಟ್ಟಿ ಮಟ್ಟ ಮಾಡಿ. ಈ ಕೆಲಸ ಹೊರಗೆ, ಕಣ್ಣಿಗೆ ಕನ್ನಡಕ ಹಾಕಿಕೊಂಡು.

ಕಮಾನು, ಗುಹೆ ಎಲ್ಲರಿಗೂ ಬೇಕು. ಮಾಡಿ. ಆದರೆ ಹೊರಚಾಚಿದ ಕಲ್ಲಿನ ಅರ್ಧಕ್ಕಿಂತ ಹೆಚ್ಚು ಭಾರ ಆಸರೆಯ ಕಡೆಗೇ ಇರಲಿ. ಗುಹೆಗೆ ಒಂದೇ ಬಾಯಿ ಇಡಬೇಡಿ. ಎರಡು ಬಾಯಿ ಇದ್ದರೆ ನೀರು ಹಾಯುತ್ತದೆ, ಬೇರೆ ಮೀನು ಓಡಿಸಿದ ಮೀನಿಗೆ ತಪ್ಪಿಸಿಕೊಳ್ಳಲು ದಾರಿಯೂ ಇರುತ್ತದೆ.

ಗುಡ್ಡೆ ನಿಂತಿತಾ? ಈಗ ಪರೀಕ್ಷೆ. ಪ್ರತಿ ಕಲ್ಲನ್ನೂ ನಾಲ್ಕು ಕಡೆಯಿಂದ ಎರಡು ಬೆರಳಲ್ಲಿ ತಳ್ಳಿ. ಮೇಲಿನಿಂದ ಅಂಚನ್ನು ಒತ್ತಿ. ಮಂಡಿಯಿಂದ ಮೇಜನ್ನು ಒಮ್ಮೆ ಗುದ್ದಿ. ಟಕ್ ಅಂತ ಸಣ್ಣ ಸದ್ದು ಬಂದರೂ ಎಲ್ಲೋ ಒಂದು ಕಲ್ಲು ತೂಗುತ್ತಿದೆ ಅಂತಲೇ ಅರ್ಥ. ಬಿಚ್ಚಿ, ಮತ್ತೆ ಕಟ್ಟಿ. ಎಲ್ಲ ಸರಿಯಾದ ಮೇಲೆ ನಾಲ್ಕೂ ಕಡೆಯಿಂದ ಮೊಬೈಲಿನಲ್ಲಿ ಫೋಟೊ ತೆಗೆದು, ಕಲ್ಲುಗಳ ಮೇಲೆ ಪೆನ್ಸಿಲ್‌ನಿಂದ ನಂಬರ್ ಬರೆಯಿರಿ. ಕೆಳಗಿನ ಕಲ್ಲುಗಳ ಸುತ್ತ ರಟ್ಟಿನ ಮೇಲೆ ಗೆರೆ ಎಳೆದಿಟ್ಟುಕೊಳ್ಳಿ.

ಅಂಟು ಮತ್ತು ಕಡ್ಡಿ

ಅಂಟು ಇಲ್ಲದೆ ನಿಲ್ಲದ ಗುಡ್ಡೆಗೆ ಅಂಟು ಹಾಕಬೇಡಿ. ನಿಂತ ಗುಡ್ಡೆ ಕದಲದಿರಲಿ ಅಂತ ಹಾಕಿ.

ಸುಲಭವಾದದ್ದು ಜೆಲ್ ರೂಪದ ಸಯನೋಅಕ್ರಿಲೇಟ್, ಅಂದರೆ ಸೂಪರ್ ಗ್ಲೂ ಜೆಲ್. ಕಲ್ಲು ಒಣಗಿರುವಾಗ ಸೇರುವ ಜಾಗಕ್ಕೆ ಜೆಲ್ ಹಚ್ಚಿ ಒತ್ತಿ ಹಿಡಿದು, ಅಂಚಿಗೆ ಅರಗೊನೈಟ್ (ಹವಳ, ಚಿಪ್ಪಿನಲ್ಲಿರುವ ಬಗೆಯ ಸುಣ್ಣ) ಮರಳು ಉದುರಿಸಿ, ಅದರ ಮೇಲೆ ಮತ್ತೆ ಸ್ವಲ್ಪ ಅಂಟು ಬಿಡಿ. ಬೇಗ ಗಟ್ಟಿಯಾಗುತ್ತದೆ. ಬಿಸಿಯಾಗುತ್ತದೆ, ಹೊಗೆಯೂ ಬರುತ್ತದೆ. ಕಿಟಕಿ ತೆಗೆದಿಡಿ, ಮುಖ ದೂರ ಇರಲಿ. ಹತ್ತಿ ಬಟ್ಟೆ ಅಥವಾ ಹತ್ತಿ ಗ್ಲೌಸಿಗೆ ಈ ಅಂಟು ತಾಗಿದರೆ ಕೈ ಸುಡುವಷ್ಟು ಬಿಸಿಯಾಗುತ್ತದೆ, ಅದಕ್ಕೆ ನೈಟ್ರೈಲ್ ಗ್ಲೌಸ್ ಹಾಕಿ. ದೊಡ್ಡ ಸಂದಿ ತುಂಬಲು ಎಪಾಕ್ಸಿ ಪುಟ್ಟಿ ಬೇಕು. ಪುಟ್ಟಿಯ ಎರಡೂ ಮಗ್ಗುಲಿಗೆ ಜೆಲ್ ಹಚ್ಚಿ ಕಲ್ಲುಗಳ ನಡುವೆ ಒತ್ತಿದರೆ ಎರಡರ ಗುಣವೂ ಸಿಗುತ್ತದೆ. ಪುಟ್ಟಿಯನ್ನು ಅಕ್ವೇರಿಯಂಗೆಂದು ಬರೆದಿರುವುದನ್ನೇ ಕೊಳ್ಳಿ. ಪೈಪ್ ಸೋರಿಕೆಗೆ ಬಳಸುವುದರಲ್ಲಿ ಏನೇನು ಬೆರೆಸಿರುತ್ತಾರೋ, ಹವಳದ ಜೊತೆ ಆ ಪ್ರಯೋಗ ಬೇಡ.

ಕಮಾನಿಗೆ, ಎತ್ತರದ ಕಂಬಕ್ಕೆ ಅಂಟು ಮಾತ್ರ ಸಾಲದು. 6ರಿಂದ 8 ಮಿ.ಮೀ. ದಪ್ಪದ ಅಕ್ರಿಲಿಕ್ ಅಥವಾ ಫೈಬರ್ ಗ್ಲಾಸ್ ಕಡ್ಡಿ ತಂದು, ಕಲ್ಲುಗಳಿಗೆ ಅದೇ ಅಳತೆಯ ತೂತು ಕೊರೆದು ಪೋಣಿಸಿ. ಗೋಡೆಗೆ ಬಳಸುವ ಡ್ರಿಲ್ ಬಿಟ್ ಸಾಕು. ಸುತ್ತಿಗೆ ಮೋಡ್ ಬೇಡ, ಕಲ್ಲು ಬಿರಿಯುತ್ತದೆ. ಒದ್ದೆ ಕಲ್ಲನ್ನು ಡ್ರಿಲ್ ಮಾಡುವುದಾದರೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇರುವ ಲೈನಿನಲ್ಲೇ ಮಾಡಿ. ಟ್ಯಾಂಕಿನ ಪಂಪು, ಹೀಟರ್‌ಗಳಿಗೂ ಅಂಥ ಲೈನ್ ಇರಲೇಬೇಕು. ಕಬ್ಬಿಣದ ಸರಳು, ತಂತಿ ಬೇಡ. ಸ್ಟೇನ್‌ಲೆಸ್ ಅಂತ ಹೇಳಿದರೂ ಬೇಡ, ಉಪ್ಪುನೀರು ಅದನ್ನೂ ತಿನ್ನುತ್ತದೆ. ಅಂಟು ಒಣಗುವವರೆಗೆ ನೈಲಾನ್ ಕೇಬಲ್ ಟೈ ಬಿಗಿದಿಡಬಹುದು.

ಒಂದು ಗುಡ್ಡವನ್ನು ಪೂರ್ತಿ ಒಂದೇ ತುಂಡಾಗಿ ಅಂಟಿಸಬೇಡಿ. ಮುಂದೆ ಎತ್ತಬೇಕಾಗಿ ಬಂದರೆ? ಒಬ್ಬರು ಎರಡು ಕೈಯಲ್ಲಿ ಎತ್ತಬಹುದಾದ ಎರಡು ಮೂರು ಭಾಗಗಳಾಗಿ ಮಾಡಿ.

ಟ್ಯಾಂಕಿನೊಳಗೆ ಇಳಿಸುವುದು

ಟ್ಯಾಂಕ್ ಖಾಲಿ ಇರಬೇಕು. ಮರಳೂ ಇಲ್ಲ, ನೀರೂ ಇಲ್ಲ. ತಳವನ್ನು ಒರೆಸಿ, ಒಂದು ಮರಳಿನ ಕಣವೂ ಇಲ್ಲ ಅಂತ ಅಂಗೈ ಆಡಿಸಿ ನೋಡಿ.

ಕಲ್ಲು ಮತ್ತು ಗಾಜಿನ ನಡುವೆ ಏನಾದರೂ ಹಾಸಬೇಕಾ? ನಾನು ಹಾಸಿ ಅನ್ನುತ್ತೇನೆ. ಕೆಳಗಿನ ಕಲ್ಲುಗಳು ಕೂರುವಷ್ಟೇ ಜಾಗಕ್ಕೆ 3ರಿಂದ 5 ಮಿ.ಮೀ. ಅಕ್ರಿಲಿಕ್ ಹಾಳೆ ಕತ್ತರಿಸಿ ಹಾಕಿದರೆ ಮೊನೆಯ ಭಾರ ಹರಡುತ್ತದೆ, ಗಾಜಿಗೆ ಗೀರು ಬೀಳುವುದಿಲ್ಲ. ಕಚೇರಿಗಳ ಫಾಲ್ಸ್ ಸೀಲಿಂಗ್ ಲೈಟಿನ ಕೆಳಗೆ ಇರುವ ಚೌಕ ಚೌಕದ ಬಿಳಿ ಪ್ಲಾಸ್ಟಿಕ್ ಜಾಲರಿಯನ್ನೂ ತುಂಬಾ ಜನ ಹಾಕುತ್ತಾರೆ. ಅದೂ ಆಗುತ್ತದೆ, ಆದರೆ ಮೀನು ಮರಳು ಕೆದರಿದಾಗ ಜಾಲರಿ ಕಣ್ಣಿಗೆ ರಾಚುತ್ತದೆ, ಚೌಕಗಳೊಳಗೆ ಕಸವೂ ಕೂರುತ್ತದೆ. ಥರ್ಮಾಕೋಲ್ ಟ್ಯಾಂಕಿನ ಕೆಳಗೆ ಸರಿ, ಒಳಗೆ ಬೇಡ. ತೇಲುತ್ತದೆ.

ಕಲ್ಲು ಇಳಿಸಲು ಇಬ್ಬರು ಬೇಕು. ಉಂಗುರ, ಬಳೆ, ವಾಚು ತೆಗೆದಿಡಿ. ಗಾಜಿನ ಅಂಚಿನ ಮೇಲೆ ದಪ್ಪ ಟವೆಲ್ ಹಾಕಿ. ಒಬ್ಬರು ಕಲ್ಲನ್ನು ಎರಡೂ ಕೈಯಿಂದ ಕೆಳಗಿನಿಂದ ಹಿಡಿದು ಇಳಿಸಲಿ, ಇನ್ನೊಬ್ಬರು ಬದಿಯಿಂದ ನೋಡುತ್ತಾ ದಾರಿ ಹೇಳಲಿ. ಗಾಜಿನ ಮೇಲೆ ಇಟ್ಟ ಮೇಲೆ ಎಳೆಯಬೇಡಿ. ಜಾಗ ಬದಲಿಸಬೇಕಾದರೆ ಎತ್ತಿ ಇಡಿ. ಫೋಟೊ, ನಂಬರ್ ನೋಡಿ ಅದೇ ಕ್ರಮದಲ್ಲಿ ಕಟ್ಟಿ. ಹೀಟರ್ ಕಲ್ಲಿಗೆ ತಾಗದಿರಲಿ. ಸಂಪ್ (ಟ್ಯಾಂಕಿನ ಕೆಳಗೆ ಫಿಲ್ಟರ್ ಸಾಮಾನಿಗೆಂದು ಇಡುವ ಇನ್ನೊಂದು ಚಿಕ್ಕ ಟ್ಯಾಂಕ್) ಇದ್ದರೆ ಹೀಟರನ್ನು ಅಲ್ಲೇ ಇಡುವುದು ಎಲ್ಲಕ್ಕಿಂತ ಒಳ್ಳೆಯದು.

ಈಗ ಮರಳು ಹಾಕುವ ಮುಂಚೆ ಉಪ್ಪುನೀರು ತುಂಬಿ ಪಂಪು, ನೀರಿನಲ್ಲಿ ಅಲೆ ಎಬ್ಬಿಸುವ ವೇವ್‌ಮೇಕರ್ ಚಾಲೂ ಮಾಡಿ ಒಂದೆರಡು ದಿನ ಬಿಡಿ. ಕಲ್ಲು ಹಗುರವಾದಾಗ ಹೇಗೆ ನಿಲ್ಲುತ್ತದೆ ಅಂತ ನೋಡಲು ಇದೇ ಸರಿಯಾದ ಸಮಯ. ಪಂಪ್‌ಗಳನ್ನು ಆಫ್ ಮಾಡಿ, ಕೈಹಾಕಿ ಮತ್ತೆ ಪ್ರತಿ ಕಲ್ಲನ್ನೂ ಬೆರಳಲ್ಲಿ ತಳ್ಳಿ. ಜಾರಿದ್ದು ಈಗಲೇ ಗೊತ್ತಾದರೆ ಸರಿಮಾಡುವುದು ಹತ್ತು ನಿಮಿಷದ ಕೆಲಸ. ಹಾಗೆಯೇ ಕಸ ಎಲ್ಲಿ ಕೂರುತ್ತಿದೆ ಅಂತಲೂ ನೋಡಿ. ಮೂಲೆಯಲ್ಲೋ ಗುಹೆಯೊಳಗೋ ಧೂಳು ಕೂತಿದ್ದರೆ ವೇವ್‌ಮೇಕರ್ ದಿಕ್ಕು ಬದಲಿಸಿ.

ಆಮೇಲೆ ಮರಳು. ತೊಳೆದ ಅರಗೊನೈಟ್ ಮರಳು, 1ರಿಂದ 2 ಮಿ.ಮೀ. ಕಣದ್ದು, 3 ಸೆಂ.ಮೀ. ದಪ್ಪಕ್ಕೆ. ಅಗಲದ ಪಿವಿಸಿ ಪೈಪನ್ನು ತಳದವರೆಗೆ ಇಳಿಸಿ ಅದರೊಳಗಿಂದ ಸುರಿದರೆ ಕಲ್ಲಿನ ಮೇಲೆ ಬೀಳುವುದಿಲ್ಲ. ಮ್ಯಾಗ್ನೆಟ್ಟಿನ ಒಳಗೆ ಒಂದು ಕಣ ಸಿಕ್ಕಿಕೊಂಡರೂ ಗಾಜಿನ ಉದ್ದಕ್ಕೂ ಗೀರು ಬೀಳುತ್ತದೆ. ಮರಳಿನ ಹತ್ತಿರದ ಗಾಜನ್ನು ಮ್ಯಾಗ್ನೆಟ್ ಬದಲು ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆಯಿರಿ.

ಮರಳು ಮೊದಲು ಹಾಕಿದರೆ ಏನಾಗುತ್ತದೆ

ಇಷ್ಟೆಲ್ಲ ಒತ್ತಿ ಹೇಳುವುದಕ್ಕೆ ಕಾರಣ ಅಗೆಯುವ ಪ್ರಾಣಿಗಳು. ಪಿಸ್ತೂಲ್ ಸೀಗಡಿ ಮತ್ತು ಗೋಬಿ ಮೀನಿನ ಜೋಡಿಯನ್ನು ಒಮ್ಮೆ ಕೂತು ನೋಡಿ. ಸೀಗಡಿಗೆ ಕಣ್ಣು ಅಷ್ಟಕ್ಕಷ್ಟೇ. ಬಿಲದ ಬಾಗಿಲಲ್ಲಿ ಗೋಬಿ ಕಾವಲು ನಿಂತಿರುತ್ತದೆ. ಸೀಗಡಿ ತನ್ನ ಮೀಸೆಯನ್ನು ಗೋಬಿಯ ಬಾಲಕ್ಕೆ ತಾಗಿಸಿಕೊಂಡೇ ಹೊರಬರುತ್ತದೆ. ಇಕ್ಕುಳದಂಥ ಮುಂಗಾಲಿನಲ್ಲಿ ಒಂದು ರಾಶಿ ಮರಳು ತಳ್ಳಿ, ಹೊರಗೆ ಸುರಿದು, ಹಿಂದೆ ಸರಿಯುತ್ತದೆ. ಗೋಬಿ ಬಾಲ ಅಲುಗಿಸಿದರೆ ಸಾಕು, ಚಕ್ಕನೆ ಒಳಗೆ. ಹೀಗೆ ದಿನವಿಡೀ ನಡೆಯುತ್ತದೆ. ಅವು ಬಿಲ ತೋಡುವುದು ಬಯಲಿನಲ್ಲಲ್ಲ, ಕಲ್ಲಿನ ಅಡಿಯಲ್ಲೇ. ಕಲ್ಲಿನ ಚಾವಣಿ ಇದ್ದರೆ ಬಿಲ ಕುಸಿಯುವುದಿಲ್ಲ. ಕಲ್ಲು ಮರಳಿನ ಮೇಲೆ ಕೂತಿದ್ದರೆ ಕೆಲವೇ ವಾರದಲ್ಲಿ ಅದರ ಒಂದು ಕಾಲು ಗಾಳಿಯಲ್ಲಿರುತ್ತದೆ. ತಳದ ಮೇಲೆ ಕೂತಿದ್ದರೆ ಎಷ್ಟು ಅಗೆದರೂ ಮರಳು ಹೋಗುತ್ತದೆ, ಕಲ್ಲು ಅಲ್ಲೇ ಇರುತ್ತದೆ.

ಜಾ ಫಿಶ್, ಎಂಜಿನಿಯರ್ ಗೋಬಿ, ಡೈಮಂಡ್ ಗೋಬಿ ಇವೂ ಅಗೆಯುತ್ತವೆ. ಟ್ರಿಗರ್ ಮೀನು ಬಾಯಲ್ಲಿ ಕಚ್ಚಿಕೊಂಡು ಚಿಕ್ಕ ಕಲ್ಲುಗಳನ್ನೇ ಎತ್ತಿ ಒಗೆಯುತ್ತದೆ. ಮೈತುಂಬ ಮುಳ್ಳಿರುವ ಸೀ ಅರ್ಚಿನ್ ಸಂದಿಯಲ್ಲಿ ನುಗ್ಗಿ ಸಡಿಲ ಕಲ್ಲನ್ನು ಉರುಳಿಸುತ್ತದೆ. ದೊಡ್ಡ ಟರ್ಬೊ ಬಸವನಹುಳು ಅಂಟಿಸದ ಹವಳದ ತುಂಡುಗಳನ್ನು ಬೀಳಿಸುತ್ತಾ ಹೋಗುತ್ತದೆ. ಮುಂದೆ ಇವುಗಳಲ್ಲಿ ಯಾವುದನ್ನಾದರೂ ಸಾಕುವ ಆಸೆ ಇದ್ದರೆ ಜೋಡಿಸುವಾಗಲೇ ಅದಕ್ಕೆ ತಕ್ಕ ಹಾಗೆ ಜೋಡಿಸಿ.

ಓಡುತ್ತಿರುವ ಟ್ಯಾಂಕಿನಲ್ಲಿ ಕಲ್ಲು ಸರಿಸಬೇಕಾದರೆ

ಅನಿವಾರ್ಯವಾದರೆ ಮಾತ್ರ. ಮೊದಲು ಪಂಪು, ಹೀಟರ್, ವೇವ್‌ಮೇಕರ್ ಎಲ್ಲದರ ಪ್ಲಗ್ ಕಿತ್ತು ಆಮೇಲೆ ಕೈಹಾಕಿ. ಟ್ಯಾಂಕಿನದೇ ನೀರು ತುಂಬಿದ ಬಕೆಟ್‌ಗಳನ್ನು ಪಕ್ಕದಲ್ಲಿಡಿ. ಮೇಲಿನ ಕಲ್ಲಿನಿಂದ ಶುರುಮಾಡಿ ಒಂದೊಂದೇ ತೆಗೆಯಿರಿ. ಕೆಳಗಿನದನ್ನು ಎಳೆದು ಮೇಲಿನದನ್ನು ಬೀಳಿಸಬೇಡಿ. ನೀರಿನಿಂದ ಹೊರಗೆ ತೆಗೆಯುವ ಮುಂಚೆ ಕಲ್ಲನ್ನು ನೀರಲ್ಲೇ ನಿಧಾನಕ್ಕೆ ಓರೆ ಮಾಡಿ ಸ್ವಲ್ಪ ಹೊತ್ತು ಹಿಡಿಯಿರಿ. ಒಳಗೆ ಅವಿತ ಮೀನು, ಸೀಗಡಿ ಹೊರಗೆ ಬರಲಿ. ನೀರಿನಿಂದ ಹೊರಬಂದ ಕ್ಷಣ ಕಲ್ಲು ಮತ್ತೆ ಪೂರ್ತಿ ಭಾರವಾಗುತ್ತದೆ. ಕೈಜಾರುವುದು ಸಾಮಾನ್ಯವಾಗಿ ಆಗಲೇ.

ಹಳೆಯ, ದಪ್ಪ ಮರಳಿನ ಹಾಸನ್ನು ಕೆದಕಬೇಡಿ. ಕಪ್ಪಾದ ಭಾಗದಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಸೇರಿರಬಹುದು. ಅದು ಬಿಡುಗಡೆಯಾದರೆ ಮೀನುಗಳಿಗೆ ಮಾರಕ. ಟ್ಯಾಂಕಿನೊಳಗೆ ಎಪಾಕ್ಸಿ ಬಳಸಿದರೆ ಸ್ಕಿಮ್ಮರ್ ನೊರೆ ಉಕ್ಕುತ್ತದೆ, ಒಂದು ದಿನ ಆಫ್ ಇಡಿ. ಕೆಲಸ ಮುಗಿದ ಮೇಲೆ ಎರಡು ಮೂರು ದಿನ ಅಮೋನಿಯಾ ನೋಡುತ್ತಿರಿ.

ಕಲ್ಲು ಬಿದ್ದು ಗಾಜಿಗೆ ಪೆಟ್ಟಾಗಿದೆ ಅನ್ನಿಸಿದರೆ ಅಲ್ಲಿಗೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಬರೀ ಗೀರು ಮೇಲ್ಮೈಯಲ್ಲೇ ಮಸುಕಾಗಿ ಕಾಣುತ್ತದೆ. ಸೀಳು ಗಾಜಿನ ಒಳಗೆ ಬೆಳ್ಳಿಗೆರೆಯಂತೆ ಹೊಳೆಯುತ್ತದೆ, ಉಗುರಿಗೂ ಸಿಗಬಹುದು. ಸೀಳಿದ್ದರೆ ಕಾಯಬೇಡಿ. ಪ್ಲಗ್‌ಗಳನ್ನು ಕಿತ್ತು, ಅರ್ಧಕ್ಕಿಂತ ಕೆಳಗೆ ಬರುವವರೆಗೆ ನೀರು ಇಳಿಸಿ, ಮೀನುಗಳನ್ನು ಏರ್ ಪಂಪ್ ಹಾಕಿದ ಡ್ರಮ್ಮಿಗೆ ಸಾಗಿಸಿ, ಕಲ್ಲುಗಳನ್ನು ತೆಗೆಯಿರಿ. ತಳದ ಸೀಳಿಗೆ ಒಳಗಿನಿಂದ ಸಿಲಿಕಾನ್ ಬಳಿದು ಮತ್ತೆ ತುಂಬುವ ಯೋಚನೆ ಬೇಡ. ಆ ಹಾಳೆಯನ್ನು ಬದಲಿಸಿಯೇ ನೀರು ತುಂಬಿ.